ಹತ್ತಿ ಬಿಡಿಸಿದ ಕೈಗಳು

ಇಳಕಲ್ ಸೀರೆ ಕೊಳ್ಳುವಾಗ ನಾವು ಸೆರಗಿನ ಕೆಂಪು ನೋಡುತ್ತೇವೆ, ದಡಿ ನೋಡುತ್ತೇವೆ, ಒಡಲು ಹತ್ತಿಯದೋ ರೇಷ್ಮೆಯದೋ ಎಂದು ಎರಡು ಬೆರಳಲ್ಲಿ ತಿಕ್ಕಿ ನೋಡುತ್ತೇವೆ, ಕೊನೆಗೆ ಬೆಲೆ ಕೇಳಿ ಅಂಗಡಿಯವರೊಂದಿಗೆ ವಾದಕ್ಕೆ ನಿಲ್ಲುತ್ತೇವೆ. ಈ ಹತ್ತಿಯನ್ನು ಬಿಡಿಸಿದವರು ಯಾರು ಎಂದು ಕೇಳಿದ ಗಿರಾಕಿಯನ್ನು ನಾನಂತೂ ಕಂಡಿಲ್ಲ. ಆದರೆ ಹಾಗೆ ಕೇಳುವ ಹೆಂಗಸರು ಒಂದು ಕಾಲಕ್ಕೆ ಇದ್ದರು. ಅಮೆರಿಕದ ಫಿಲಡೆಲ್ಫಿಯಾ ನಗರದ ಲುಕ್ರೀಷಿಯಾ ಮಾಟ್ ಅಂಥವಳು. ಕ್ವೇಕರ್ ಪಂಥದವಳು. ಗುಲಾಮರು ಬೆಳೆದ ಹತ್ತಿಯ ಬಟ್ಟೆ, ಗುಲಾಮರು ಅರೆದ ಕಬ್ಬಿನ ಸಕ್ಕರೆ ತನ್ನ ಮನೆಯಲ್ಲಿ ಬಳಸುವುದಿಲ್ಲವೆಂದು ನೇಮ ಮಾಡಿಕೊಂಡಿದ್ದಳು. ಮಕ್ಕಳಿರುವ ಮನೆಯಲ್ಲಿ ಸಕ್ಕರೆ ಬಿಡುವುದೆಂದರೇನು ಎಂಬುದು ನಮಗೆ ಗೊತ್ತು. ಇವಳು ಹರೆಯದಲ್ಲಿ ಶಾಲೆಯ ಮಾಸ್ತರಿಕೆ ಮಾಡಿದವಳು. ಅದೇ ಕೆಲಸಕ್ಕೆ ಗಂಡಸರಿಗೆ ಹೆಚ್ಚು ಸಂಬಳ, ಹೆಂಗಸರಿಗೆ ಕಡಿಮೆ ಎಂಬುದನ್ನು ಅಲ್ಲಿಯೇ ಕಂಡುಕೊಂಡಳು. ನನಗೆ ಅವಳು ಹತ್ತಿರದವಳು ಅನಿಸುವುದಕ್ಕೆ ಅದೂ ಒಂದು ಕಾರಣ.

ನಾನು ಓದುವಾಗ ಅಮೆರಿಕದ ಅಂತರ್ಯುದ್ಧ ಪುಸ್ತಕದಲ್ಲಿ ಕೆಲವೇ ಸಾಲು. ಉತ್ತರದವರು ಗುಲಾಮಗಿರಿ ಬೇಡವೆಂದರು, ದಕ್ಷಿಣದವರು ಬೇಕೆಂದರು, ಯುದ್ಧವಾಯಿತು, ಲಿಂಕನ್ ಗೆದ್ದರು. ಇಷ್ಟರಲ್ಲಿ ಹತ್ತಿಯ ಮಾತೇ ಇರಲಿಲ್ಲ. ಜಗಳದ ಬೇರು ಇದ್ದದ್ದು ಹತ್ತಿಯಲ್ಲಿ. 1793ರಲ್ಲಿ ಎಲಿ ವಿಟ್ನಿ ಎಂಬಾತ ಅರಳೆಯಿಂದ ಬೀಜ ಬೇರ್ಪಡಿಸುವ ಯಂತ್ರವನ್ನು ಕಂಡುಹಿಡಿದ. ಕೈಯಲ್ಲಿ ದಿನವೆಲ್ಲ ಕುಳಿತರೂ ಮುಗಿಯದ ಕೆಲಸ ಬೇಗ ಮುಗಿಯತೊಡಗಿತು. ಯಂತ್ರ ಬಂದರೆ ಆಳಿನ ಕಷ್ಟ ಇಳಿಯಬೇಕಲ್ಲ? ಆದದ್ದು ತಿರುವುಮುರುವು. ಬೀಜ ತೆಗೆಯುವುದು ಸುಲಭವಾದ ಮೇಲೆ ಹೆಚ್ಚು ಹೆಚ್ಚು ಹೊಲಕ್ಕೆ ಹತ್ತಿ ಬಿತ್ತಿದರು; ಬಿತ್ತಲು, ಕಳೆ ತೆಗೆಯಲು, ಬಿಡಿಸಲು ಮಾತ್ರ ಯಂತ್ರವಿರಲಿಲ್ಲ, ಕೈಗಳೇ ಬೇಕಿದ್ದವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ 40 ಲಕ್ಷದ ಹತ್ತಿರ ಬಂತು.

ಆ ವರ್ಷಗಳಲ್ಲಿಯೇ ಆ ದೇಶದಲ್ಲಿ ಸುಧಾರಣೆಯ ಗಾಳಿಯೂ ಎದ್ದಿತ್ತು. ಕುಡಿತ ಬಿಡಿಸುವವರು, ಊರಿಗೊಂದು ಶಾಲೆ ಬೇಕೆನ್ನುವವರು, ಹುಚ್ಚರನ್ನು ಸೆರೆಮನೆಯಲ್ಲಿ ಕೂಡಿಹಾಕಬೇಡಿ ಎನ್ನುವವರು, ಹೀಗೆ ಹಲವು ಗುಂಪು. ಎಲ್ಲಕ್ಕಿಂತ ಕಾವೇರಿದ್ದು ಗುಲಾಮಗಿರಿಯ ವಿಷಯ. 1831ರ ಜನವರಿ 1ರಂದು ವಿಲಿಯಂ ಲಾಯ್ಡ್ ಗ್ಯಾರಿಸನ್ ಬಾಸ್ಟನ್ನಿನಲ್ಲಿ ‘ಲಿಬರೇಟರ್’ ಪತ್ರಿಕೆ ಆರಂಭಿಸಿದ. ನಿಧಾನವಾಗಿ, ಮಾಲಕರ ಮನಸ್ಸು ನೋಯದಂತೆ ಎಂಬ ಮಾತೇ ಅವನಿಗೆ ಆಗುತ್ತಿರಲಿಲ್ಲ. ದಕ್ಷಿಣದ ಚಾರ್ಲ್ಸ್‌ಟನ್ ಊರಿನಲ್ಲಿ ಗುಲಾಮರನ್ನು ಇಟ್ಟುಕೊಂಡ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಸಾರಾ ಮತ್ತು ಏಂಜಲೀನಾ ಗ್ರಿಮ್ಕೆ ಎಂಬ ಅಕ್ಕತಂಗಿಯರು ಮನೆ ಬಿಟ್ಟು ಉತ್ತರಕ್ಕೆ ಬಂದು, ತಾವು ಕಣ್ಣಾರೆ ಕಂಡದ್ದನ್ನು ಸಭೆಗಳಲ್ಲಿ ಹೇಳತೊಡಗಿದರು. ಗಂಡಸರು ಕುಳಿತ ಸಭೆಯಲ್ಲಿ ಹೆಂಗಸು ಮಾತಾಡುವುದೇ! 1837ರಲ್ಲಿ ಮ್ಯಾಸಚುಸೆಟ್ಸ್ ಪಾದ್ರಿಗಳು ಇದನ್ನು ಖಂಡಿಸಿ ಪತ್ರ ಹೊರಡಿಸಿದರು. 1840ರಲ್ಲಿ ಲಂಡನ್ನಿನಲ್ಲಿ ಗುಲಾಮಗಿರಿ ವಿರೋಧಿ ವಿಶ್ವ ಸಮ್ಮೇಳನ ಕೂಡಿದಾಗ ಲುಕ್ರೀಷಿಯಾ ಮಾಟ್ ಪ್ರತಿನಿಧಿಯಾಗಿ ಸಮುದ್ರ ದಾಟಿ ಹೋದಳು. ಅಲ್ಲಿ ಹೆಂಗಸರಿಗೆ ಪ್ರತಿನಿಧಿ ಸ್ಥಾನ ಕೊಡಲಿಲ್ಲ. ಸುಮ್ಮನೆ ಒಂದು ಕಡೆ ಕುಳಿತು ಕೇಳಿರೆಂದರು. ಅವಳ ಪಕ್ಕದಲ್ಲಿ ಹೊಸದಾಗಿ ಮದುವೆಯಾಗಿ ಬಂದಿದ್ದ ಎಲಿಜಬೆತ್ ಕೇಡಿ ಸ್ಟಾಂಟನ್ ಕುಳಿತಿದ್ದಳು. ಎಂಟು ವರ್ಷದ ಮೇಲೆ, 1848ರಲ್ಲಿ, ಇವರೇ ಮುಂದಾಗಿ ಸೆನೆಕಾ ಫಾಲ್ಸ್ ಊರಿನಲ್ಲಿ ಹೆಂಗಸರ ಹಕ್ಕಿನ ಸಭೆ ಸೇರಿಸಿದರು. 68 ಹೆಂಗಸರು, 32 ಗಂಡಸರು ರುಜು ಹಾಕಿದರು.

ಸುಧಾರಣೆಯೆಂದರೆ ಎಲ್ಲರೂ ಕೈಹಿಡಿದು ಮುಂದೆ ಹೋಗುವುದೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಅಲ್ಲಿ ಮನೆಗಳೇ ಒಡೆದವು. ಮೆಥಡಿಸ್ಟ್ ಚರ್ಚು 1844ರಲ್ಲಿ, ಬ್ಯಾಪ್ಟಿಸ್ಟ್ ಚರ್ಚು 1845ರಲ್ಲಿ ಉತ್ತರ, ದಕ್ಷಿಣ ಎಂದು ಸೀಳಿದವು. ಒಂದೇ ಬೈಬಲ್ಲು, ಎರಡು ಅರ್ಥ. ಓಡಿಹೋದ ಗುಲಾಮರನ್ನು ಹಿಡಿದುಕೊಡಬೇಕೆಂಬ 1850ರ ಕಾಯಿದೆ ಉತ್ತರದ ಸುಮ್ಮನಿದ್ದ ಜನರನ್ನೂ ಎಬ್ಬಿಸಿತು. 1861ರಲ್ಲಿ ಯುದ್ಧ ಹೊತ್ತಿಕೊಂಡಿತು, ನಾಲ್ಕು ವರ್ಷದಲ್ಲಿ ಆರು ಲಕ್ಷಕ್ಕಿಂತ ಹೆಚ್ಚು ಜನ ಸತ್ತರು.

ಇದಕ್ಕೂ ಬಾಗಲಕೋಟೆ, ಬಾದಾಮಿ, ಹುನಗುಂದದ ಎರೆಹೊಲಕ್ಕೂ ಏನು ಸಂಬಂಧ ಎನ್ನುತ್ತೀರೇನೋ. ಸಂಬಂಧ ಬೀಜದಿಂದಲೇ ಇದೆ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಬಹುಪಾಲು ಗುಲಾಮರು ಬಿಡಿಸಿದ್ದು. ಅಲ್ಲಿನ ಗುಲಾಮಗಿರಿ ವಿರೋಧಿಗಳಿಗೆ ಇದು ಚುಚ್ಚುತ್ತಿತ್ತು. 1839ರಲ್ಲಿ ಅವರು ಬ್ರಿಟಿಷ್ ಇಂಡಿಯಾ ಸೊಸೈಟಿ ಎಂಬ ಸಂಘ ಕಟ್ಟಿದರು. ಹಿಂದುಸ್ತಾನದ ಸ್ವತಂತ್ರ ರೈತ ಅಗ್ಗದ ಹತ್ತಿ ಬೆಳೆದುಕೊಟ್ಟರೆ ಅಮೆರಿಕದ ಗುಲಾಮರ ಹತ್ತಿಗೆ ಗಿರಾಕಿ ಇಲ್ಲದಂತಾಗುತ್ತದೆ, ಗುಲಾಮಗಿರಿ ತಾನೇ ಸಾಯುತ್ತದೆ ಎಂಬುದು ಅವರ ಲೆಕ್ಕ. ಗ್ಯಾರಿಸನ್ನನ ಗೆಳೆಯ ಜಾರ್ಜ್ ಥಾಂಪ್ಸನ್ ಇದರ ದೊಡ್ಡ ಭಾಷಣಕಾರ. 1843ರಲ್ಲಿ ಕಲ್ಕತ್ತೆಗೂ ಬಂದು ಮಾತಾಡಿದ.

ಕಂಪನಿ ಸರಕಾರಕ್ಕೆ ಗುಲಾಮರ ಚಿಂತೆ ಅಷ್ಟಿರಲಿಲ್ಲ, ಮ್ಯಾಂಚೆಸ್ಟರಿನ ಒತ್ತಾಯವಿತ್ತು. ಅದು 1840ರಲ್ಲಿ ಅಮೆರಿಕದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಕರೆಸಿತು. ಎಲ್ಲಿಂದ? ಗುಲಾಮರನ್ನು ದುಡಿಸುವ ದಕ್ಷಿಣ ರಾಜ್ಯಗಳಿಂದಲೇ. ಸ್ವತಂತ್ರ ಹತ್ತಿ ಬೆಳೆಯುವುದನ್ನು ಕಲಿಸಲು ಬಂದವರು ಗುಲಾಮರ ಹೊಲದಲ್ಲಿ ಕಲಿತವರು! ಉಳಿದ ಕಡೆ ಅವರ ಪ್ರಯೋಗ ಹೇಳಿಕೊಳ್ಳುವಂತೆ ಆಗಲಿಲ್ಲ. ಧಾರವಾಡ ಸೀಮೆಯಲ್ಲಿ ಮಾತ್ರ ಆಯಿತು. ಮರ್ಸರ್ ಎಂಬ ಬೆಳೆಗಾರ, ಶಾ ಎಂಬ ಕಲೆಕ್ಟರ ಸೇರಿ ನ್ಯೂ ಆರ್ಲಿಯನ್ಸ್ ಬೀಜವನ್ನು ಬಿತ್ತಿಸಿದರು. ಹುಬ್ಬಳ್ಳಿ, ಗದಗ ಕಡೆಯ ನೆಲ ಅದನ್ನು ಒಪ್ಪಿಕೊಂಡಿತು. ಪೇಟೆಯಲ್ಲಿ ಅದರ ಹೆಸರೇ ‘ಧಾರವಾಡ-ಅಮೆರಿಕನ್’ ಎಂದಾಯಿತು. ಬಾದಾಮಿಯಿಂದ ಉತ್ತರಕ್ಕೆ ಮಳೆ ಕಡಿಮೆ; ನಮ್ಮಲ್ಲಿ ಜವಾರಿ ಹತ್ತಿಯದೇ ಮೇಲುಗೈ.

ಹೊಸ ಹತ್ತಿಗೆ ಒಂದು ತೊಡಕಿತ್ತು. ನಮ್ಮ ಹೆಂಗಸರು ಹಾಸುಗಲ್ಲಿನ ಮೇಲೆ ಹತ್ತಿ ಹರವಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ಕುಳಿತು ಮಾಡುವ ಕೆಲಸ, ಸೊಂಟ ಹಿಡಿಯುವ ಕೆಲಸ, ಆದರೆ ನಾಲ್ಕು ಕಾಸು ಮನೆಗೆ ಬರುತ್ತಿತ್ತು. ಅಮೆರಿಕನ್ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿರುತ್ತದೆ, ಕಾಲಿನ ಸರಳಿಗೆ ಜಗ್ಗುವುದಿಲ್ಲ. ಅದಕ್ಕೆ ವಿಟ್ನಿಯ ಮಾದರಿಯ ಗರಗಸದ ಯಂತ್ರವೇ ಬೇಕು. ಅದನ್ನು ಮಾಡಲು, ದುರಸ್ತಿ ಮಾಡಲು ಧಾರವಾಡದಲ್ಲಿ ಸರಕಾರವೇ ಕಾರಖಾನೆ ಇಟ್ಟಿತು. ಬೀಜದ ಹಿಂದೆ ಯಂತ್ರವೂ ಸಾಗರ ದಾಟಿ ಬಂತು.

ಯುದ್ಧದ ಕಾಲಕ್ಕೆ ಲಿಂಕನ್ನನ ಹಡಗುಗಳು ದಕ್ಷಿಣದ ಬಂದರುಗಳಿಗೆ ಅಡ್ಡ ನಿಂತವು. ಇಂಗ್ಲೆಂಡಿಗೆ ಹತ್ತಿ ಬರುವುದು ನಿಂತಿತು, ಮುಂಬಯಿ ಪೇಟೆಯಲ್ಲಿ ಬೆಲೆ ಹುಚ್ಚೆದ್ದು ಏರಿತು. ಚಕ್ಕಡಿಗಟ್ಟಲೆ ಹತ್ತಿ ಘಟ್ಟ ಇಳಿದು ಕುಮಟಾ ಬಂದರಕ್ಕೆ ಹೋಯಿತು. ಕಾರವಾರಕ್ಕೆ ಮಹತ್ವ ಬಂದದ್ದು ಆಗಲೇ. ಹತ್ತಿಯಲ್ಲಿ ಕಲಬೆರಕೆ ಎಷ್ಟು ಹೆಚ್ಚಿತೆಂದರೆ 1863ರಲ್ಲಿ ಮುಂಬಯಿ ಸರಕಾರ ಅದಕ್ಕಾಗಿಯೇ ಕಾಯಿದೆ ಮಾಡಬೇಕಾಯಿತು. ಹತ್ತಿ ಇದ್ದವರ ಕೈಯಲ್ಲಿ ಹಣ ಕುಣಿಯಿತು. ಮಗ್ಗದವರ ಮನೆಯಲ್ಲಿ ಮಾತ್ರ ಬೇರೆ ಕಥೆ. ಅರಳೆ ತುಟ್ಟಿ, ನೂಲು ತುಟ್ಟಿ, ಸೀರೆಗೆ ಆ ಬೆಲೆ ಕೊಡುವವರಿಲ್ಲ. ಇಳಕಲ್ ಆಗಲಿ ಗುಳೇದಗುಡ್ಡವಾಗಲಿ, ನೂಲು ಕೊಂಡು ನೇಯುವವರಿಗೆಲ್ಲ ಅದು ಕಷ್ಟದ ಕಾಲ. 1865ರಲ್ಲಿ ಯುದ್ಧ ಮುಗಿದದ್ದೇ ತಡ ಬೆಲೆ ಬಿತ್ತು, ಮುಂಬಯಿಯ ದೊಡ್ಡ ದೊಡ್ಡ ಸಾಹುಕಾರರು ದಿವಾಳಿ ಎದ್ದರು. ಹತ್ತು ವರ್ಷ ಕಳೆದು 1876–77ರ ಬರ ಬಂದಾಗ ಆಗಿನ ಕಲಾದಗಿ ಜಿಲ್ಲೆ, ಅಂದರೆ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದಗಳನ್ನೊಳಗೊಂಡ ಜಿಲ್ಲೆ, ತನ್ನ ಜನದಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. ಹತ್ತಿಯ ಹಣ ಯಾರ ಅಡಿಗೆಮನೆಯಲ್ಲೂ ಜೋಳವಾಗಿ ಉಳಿದಿರಲಿಲ್ಲ.

ಥಾಂಪ್ಸನ್ನನ ಸಂಘದವರು ‘ಸ್ವತಂತ್ರ ರೈತ’ ಎಂದರಲ್ಲ, ಆ ಮಾತು ನನ್ನನ್ನು ಕಾಡುತ್ತದೆ. 1843ರ ಕಾಯಿದೆ ಇಲ್ಲಿ ಮನುಷ್ಯನನ್ನು ಆಸ್ತಿಯೆಂದು ಕೋರ್ಟು ಒಪ್ಪುವುದನ್ನು ನಿಲ್ಲಿಸಿತು, ನಿಜ. ಆದರೆ ಸಾಲಕ್ಕೆ ಜೀತವಿದ್ದವರು ಯಾರ ಲೆಕ್ಕಕ್ಕೂ ಬರಲಿಲ್ಲ. ಅದನ್ನು ರದ್ದು ಮಾಡುವ ಕಾಯಿದೆ ಬರಲು 1976 ಆಗಬೇಕಾಯಿತು. ನಮ್ಮ ಜಿಲ್ಲೆಯ ಎಷ್ಟೋ ಬಡ ದಲಿತ ಹುಡುಗಿಯರ ಕೊರಳಿಗೆ ಮುತ್ತು ಕಟ್ಟುವುದನ್ನು ತಡೆಯುವ ಕಾಯಿದೆಗಳು 1934ರಲ್ಲಿ ಒಮ್ಮೆ, 1982ರಲ್ಲಿ ಇನ್ನೊಮ್ಮೆ ಬಂದವು. ದೂರದಲ್ಲಿದ್ದ ಒಳ್ಳೆಯ ಜನಕ್ಕೆ ಇದು ಕಾಣಲಿಲ್ಲ. ಕಂಡವರು ಪುಣೆಯ ಜ್ಯೋತಿರಾವ್ ಫುಲೆ. 1873ರ ತಮ್ಮ ಪುಸ್ತಕಕ್ಕೆ ‘ಗುಲಾಮಗಿರಿ’ ಎಂದೇ ಹೆಸರಿಟ್ಟು, ನೀಗ್ರೋ ಗುಲಾಮರನ್ನು ಬಿಡಿಸಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು. ಅವರು ಬರೆದದ್ದು ಮಾತ್ರ ಇಲ್ಲಿನ ಶೂದ್ರಾತಿಶೂದ್ರರ ಬಗ್ಗೆ.

ಆ ಅಮೆರಿಕದ ಬೀಜ ಮುಂದೇನಾಯಿತು? ಧಾರವಾಡ-ಅಮೆರಿಕನ್ನಿನಿಂದ ಆರಿಸಿ ತೆಗೆದದ್ದು ‘ಗದಗ 1’. ಅದನ್ನು ಕಾಂಬೋಡಿಯಾ ಜಾತಿಗೆ ಕೂಡಿಸಿ ‘ಲಕ್ಷ್ಮಿ’. 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿಯವರು ಲಕ್ಷ್ಮಿಯನ್ನು ಇನ್ನೊಂದು ಜಾತಿಗೆ ಕೂಡಿಸಿ ‘ವರಲಕ್ಷ್ಮಿ’ ತೆಗೆದರು. ಇಳುವರಿ ಹೆಚ್ಚಿತು, ರೈತರ ಮನೆಗೆ ಬೆಳಕು ಬಂತು. ಆದರೆ ಇಂಥ ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು, ಅದೂ ಕೈಯಿಂದ, ಒಂದೊಂದೇ ಹೂವಿಗೆ. ಮರುದಿನ ಅರಳುವ ಮೊಗ್ಗನ್ನು ಸಂಜೆ ಗುರುತಿಸಿ, ಉಗುರಿನಿಂದ ಎಸಳು, ಕೇಸರ ಬಿಡಿಸಿ, ಗುರುತು ಕಟ್ಟಬೇಕು. ಬೆಳಿಗ್ಗೆ ಗಂಡು ಹೂ ತಂದು ಅದಕ್ಕೆ ಮೆಲ್ಲಗೆ ಸವರಬೇಕು. ಇದಕ್ಕೆ ಸಣ್ಣ ಬೆರಳು ಒಳ್ಳೆಯದು, ಗಿಡದೆತ್ತರದ ಹುಡುಗಿಯರಾದರೆ ಬಗ್ಗುವುದೂ ಬೇಡ, ಕೂಲಿಯೂ ಕಡಿಮೆ. ‘ಕ್ರಾಸಿಂಗ್’ ಎನ್ನುತ್ತಾರೆ. ಸುಗ್ಗಿಗೆ ಮೊದಲೇ ಮನೆಯವರ ಕೈಗೆ ಮುಂಗಡ ಬಂದಿರುತ್ತದೆ.

1990ರ ದಶಕದ ಕೊನೆಯಲ್ಲಿ ನಾನು ಹುನಗುಂದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿದ್ದೆ. ಶ್ರಾವಣ ಕಳೆಯುತ್ತಿದ್ದಂತೆ ಐದು, ಆರು, ಏಳನೆಯ ಇಯತ್ತೆಯ ಹುಡುಗಿಯರ ಸಾಲು ಖಾಲಿಯಾಗುತ್ತಿತ್ತು. ಹುಡುಗರು ಇರುತ್ತಿದ್ದರು. ಒಬ್ಬ ತಾಯಿಯ ಮನೆಗೆ ಹೋಗಿ ಕೇಳಿದೆ. ಆಕೆ ಚಹಾಕ್ಕಿಟ್ಟು ಹೇಳಿದಳು: “ಅಕ್ಕೋರ, ಸಾಲಿ ಎಲ್ಲಿ ಓಡಿ ಹೊಕ್ಕೈತ್ರಿ? ಮೂರು ತಿಂಗಳ ಮಾತು. ಮುಂಗಡ ಈಸ್ಕೊಂಡೀವಿ, ಅದನ್ನ ಹರೀಬೇಕಲ್ರಿ.” ಮಗಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಬೆರಳ ತುದಿ ಹಳದಿಯಾಗಿತ್ತು.

ಈಗ ಬೀಜದ ಹೊಲಗಳಲ್ಲಿ ಅಷ್ಟು ಚಿಕ್ಕವರು ಮೊದಲಿನ ಹಾಗೆ ಕಾಣುವುದಿಲ್ಲ. ಕಾಯಿದೆ ಬಿಗಿಯಾಯಿತು, ಬಿಸಿಯೂಟ ಬಂತು, ಹುಡುಗಿಯರಿಗೆ ಸೈಕಲ್ ಬಂತು. ಆ ಹುಡುಗಿ ದೀಪಾವಳಿ ದಾಟಿದ ಮೇಲೆ ಶಾಲೆಗೆ ಬಂದಳು. ಭಾಗಾಕಾರ ಮುಗಿದು ನಾವು ಭಿನ್ನರಾಶಿಗೆ ಬಂದಿದ್ದೆವು.