ಮೇಜಿನಿಂದ ನಾಗಂದಿಗೆಗೆ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮೇಜು ಇರಲಿಲ್ಲ. ಉಣ್ಣಲು ಕೂರುವುದಕ್ಕೆ ಮಣೆ, ಮಲಗುವುದಕ್ಕೆ ಚಾಪೆ. ಶ್ಯಾನುಭೋಗರು ಲೆಕ್ಕ ಬರೆಯುತ್ತಿದ್ದುದೂ ನೆಲದ ಮೇಲೆ ಕೂತು, ಇಳಿಜಾರು ಮುಚ್ಚಳದ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು. ಸಾಮಾನಿಗೆ ಮಾತ್ರ ಜಾಗ ಬೇಕಿತ್ತು. ಅದಕ್ಕೆ ದಪ್ಪ ಮಣ್ಣಿನ ಗೋಡೆಯಲ್ಲಿ ಗೂಡುಗಳು, ಗೂಡಿಗೂ ಮೇಲೆ ನಾಗಂದಿಗೆ, ಅಂದರೆ ಗೋಡೆಯ ಹಲಗೆ. ಉಪ್ಪಿನಕಾಯಿ ಜಾಡಿ, ಹಿತ್ತಾಳೆ ಪಾತ್ರೆ, ಪಂಚಾಂಗ, ಬಟ್ಟೆಯಲ್ಲಿ ಸುತ್ತಿಟ್ಟ ಪುಸ್ತಕ ಎಲ್ಲವೂ ಅಲ್ಲಿಯೇ.

ನಾನು ಬಡಗಿ, ಅಪ್ಪನೂ ಬಡಗಿ. ಹಳೆಯ ಮೇಜು ಬಿಚ್ಚಿ ಮನೆಗೆ ಶೆಲ್ಫು ಮಾಡಿಕೊಡುವುದು ನನ್ನ ಕಸುಬಿನ ದೊಡ್ಡ ಪಾಲು. ಇದೇನೋ ಈಗಿನವರ ಶೋಕಿ ಎಂದುಕೊಂಡು ಬರುವ ಗಿರಾಕಿಗಳಿಗೆ ನಾನು ಹೇಳುವುದಿಷ್ಟೇ: ಮೇಜು ಹೊರಗಿನಿಂದ ಬಂದದ್ದು, ಹಲಗೆ ನಮ್ಮದು. ಮೇಜು ಹಳತಾಗಿ ಮನೆ ಸೇರಿದಾಗ ಮನೆಯವರು ಅದನ್ನು ನಾಗಂದಿಗೆ ಮಾಡಿಕೊಂಡಿದ್ದಾರೆ.

ಬೆಂಗಳೂರಿಗೆ ಮೇಜು ಹೇರಳವಾಗಿ ಬಂದದ್ದು ದಂಡಿನ ಜೊತೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತು ಇಲ್ಲಿ ಕಂಟೋನ್ಮೆಂಟು ಕಟ್ಟಿದರು. ಅಧಿಕಾರಿಗಳ ಬಂಗಲೆಗೆ ಊಟದ ಮೇಜು ಬೇಕು, ಮೆಸ್ಸಿಗೆ ಉದ್ದ ಮೇಜು ಬೇಕು, ಚರ್ಚಿನ ಶಾಲೆಗೆ ಡೆಸ್ಕು ಬೇಕು. 1864ರ ಆಗಸ್ಟ್ 1ರಂದು ಜೋಲಾರಪೇಟೆಯ ರೈಲು ಓಡತೊಡಗಿ ಮದರಾಸು ಬಂದರು ಹತ್ತಿರವಾಯಿತು. 1868ರ ಹೊತ್ತಿಗೆ ಅಠಾರಾ ಕಚೇರಿ ಎದ್ದು ನಿಂತಿತು. ಹದಿನೆಂಟು ಇಲಾಖೆ ಎಂದರೆ ಎಷ್ಟು ಗುಮಾಸ್ತರು, ಎಷ್ಟು ಮೇಜು, ನೀವೇ ಅಂದಾಜು ಮಾಡಿ. ಇಷ್ಟೊಂದು ಮೇಜಿಗೆ ತೇಗವೂ ಬೇಕಲ್ಲ. 1885ರಲ್ಲಿ ಬ್ರಿಟಿಷರು ಮೇಲಿನ ಬರ್ಮಾದ ಮೇಲೆ ಯುದ್ಧ ಹೂಡಿದರು. ಅದಕ್ಕೆ ನೆಪವಾದದ್ದೇ ಒಂದು ತೇಗದ ಕಂಪನಿಯ ತಕರಾರು. ಹಳೆಯ ಬಡಗಿಗಳು ಇವತ್ತಿಗೂ ‘ಬರ್ಮಾ ತೇಗ’ ಎನ್ನುವಾಗ ದನಿ ತಗ್ಗಿಸಿ ಗೌರವದಿಂದ ಹೇಳುತ್ತಾರೆ. ಆ ಗೌರವದ ಹಿಂದೆ ಒಂದು ರಾಜ್ಯವೇ ಮುಳುಗಿದೆ ಎಂಬುದೂ ನೆನಪಿರಬೇಕು.

1947ರ ಜುಲೈನಲ್ಲಿ ಕಂಟೋನ್ಮೆಂಟು ಮೈಸೂರು ಸಂಸ್ಥಾನಕ್ಕೆ ಮರಳಿತು. ಸಾಹೇಬರು ಹೋದರು. ಅವರ ಹಿಂದೆ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾ, ಕೆನಡಾ ಎಂದು ಹೊರಟವು. 1956ರಲ್ಲಿ ಕೋಲಾರದ ಚಿನ್ನದ ಗಣಿ ಸರ್ಕಾರದ ಕೈಗೆ ಬಂದಾಗ ಅಲ್ಲಿನ ಬಂಗಲೆಗಳದೂ ಅದೇ ಕಥೆ. ಹಡಗಿನಲ್ಲಿ ಟ್ರಂಕು ಹೋಗುತ್ತದೆ, ಹನ್ನೆರಡು ಜನ ಕೂರುವ ಊಟದ ಮೇಜು ಹೋಗುವುದಿಲ್ಲ. ಅವು ಹರಾಜಿಗೆ ಬಂದವು. ಅಪ್ಪ ಶಿವಾಜಿನಗರದ ಕಡೆ ಕೆಲಸ ಕಲಿಯುತ್ತಿದ್ದ ಕಾಲ ಅದು. ನಮ್ಮವರಿಗೆ ಅಷ್ಟು ದೊಡ್ಡ ಮೇಜು ಯಾಕೆ? ನೆಲದ ಮೇಲೆ ಕೂತು ಉಣ್ಣುವ ಮನೆಯವರು ಅದನ್ನು ಕೊಂಡದ್ದು ಮರಕ್ಕಾಗಿ. ಮೇಲಿನ ಹಲಗೆ ಗೋಡೆ ಸೇರಿತು, ಕಾಲು ಕುಯ್ದು ಹಲಗೆಗೆ ಆಸರೆ ಮಾಡಿದರು, ಡ್ರಾಯರು ದೇವರ ಸಾಮಾನಿನ ಪೆಟ್ಟಿಗೆಯಾಯಿತು. ಹಳೆಯ ಮೇಜು ಕಂಡರೆ ಅಪ್ಪ ಹೇಳುತ್ತಿದ್ದುದು ಒಂದೇ ಮಾತು: “ಮೊದಲು ತಿರುಗಿಸಿ ಹಾಕೋ ಮಗಾ, ಆಮೇಲೆ ರೇಟು ಮಾತಾಡು.”

ತಿರುಗಿಸಿ ಹಾಕಿದರೆ ಎಲ್ಲವೂ ತಿಳಿಯುತ್ತದೆ. ಮೇಲ್ಮೈಗೆ ಎಷ್ಟು ಪಾಲಿಶ್ ಬಳಿದಿದ್ದರೂ ಅಡಿ ಬೋಳಾಗಿಯೇ ಇರುತ್ತದೆ. ಅಲ್ಲಿ ಮರದ ನಿಜವಾದ ಬಣ್ಣ ಕಾಣುತ್ತದೆ, ಗರಗಸದ ಗೆರೆ ಕಾಣುತ್ತದೆ, ಸರ್ಕಾರಿ ಮೇಜಾದರೆ ಇಲಾಖೆಯ ಅಕ್ಷರ, ನಂಬರು ಕಾಣುತ್ತವೆ. ಆ ಕಾಲದ ಹಲಗೆಗಳ ಅಗಲ ನೋಡಬೇಕು. ಮೂರಡಿ ಅಗಲದ ಮೇಜಿಗೆ ಮೂರೇ ಹಲಗೆ! ಅಂದರೆ ಒಂದಡಿ ಅಗಲದ್ದು ಒಂದೊಂದು. ದೊಡ್ಡ ಮರದ ಕಾಂಡದಲ್ಲಲ್ಲದೆ ಅಂಥ ಹಲಗೆ ಸಿಗುವುದಿಲ್ಲ. ಪುಸ್ತಕದ ಶೆಲ್ಫಿಗೆ ಹತ್ತಿಂಚು ಅಗಲ ಸಾಕು. ಹೀಗಾಗಿ ಒಂದು ಕಚೇರಿ ಮೇಜು ಬಿಚ್ಚಿದರೆ ಕುಯ್ಯದೆಯೇ ಮೂರು ಶೆಲ್ಫು ಸಿಗುತ್ತವೆ.

ಬಿಚ್ಚುವುದು ಸುಲಭವಾಗಿರುವುದಕ್ಕೂ ಕಾರಣವಿದೆ. ಆಗ ಅಂಟು ಎಂದರೆ ಸರೇಸು, ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದದ್ದು. ಬಿಸಿಮಾಡಿ ಹಚ್ಚಬೇಕು, ವಾಸನೆ ಘೋರ. ಆದರೆ ಬಿಸಿನೀರಿನ ಬಟ್ಟೆ ಸ್ವಲ್ಪ ಹೊತ್ತು ಸುತ್ತಿಟ್ಟರೆ ಅದು ಮತ್ತೆ ಮೆತ್ತಗಾಗುತ್ತದೆ. ಕಾಲಿನ ಕಂಡಿಯೊಳಗೆ ಕೂತ ಪಟ್ಟಿಯ ತುದಿ, ಕೊಡತಿಯ ಒಂದೆರಡು ಏಟಿಗೆ ಹೊರಬರುತ್ತದೆ, ಮರ ಒಡೆಯುವುದಿಲ್ಲ. 1959ರಲ್ಲಿ ಫೆವಿಕಾಲ್ ಬಂತು. ಕುದಿಸುವ ಕೆಲಸ ತಪ್ಪಿತು, ವಾಸನೆ ಹೋಯಿತು, ನಿಜ. ಆದರೆ ಅದರಿಂದ ಕೂಡಿಸಿದ ಮೇಜು ಬಿಚ್ಚಲು ಹೋದರೆ ಅಂಟಿಗಿಂತ ಮೊದಲು ಮರವೇ ಸೀಳುತ್ತದೆ. ಮುಂದೊಂದು ದಿನ ಬಿಚ್ಚಬಹುದು ಎನ್ನುವ ಹಾಗೆ ಕೂಡಿಸಿದ ಸಾಮಾನೇ ಒಳ್ಳೆಯ ಸಾಮಾನು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಷ್ಟರಲ್ಲಿ ಮನೆಗಳೂ ಬದಲಾದವು. 1898ರ ಪ್ಲೇಗಿನ ಹೊತ್ತಿಗೆ ಬೆಳೆದ ಬಸವನಗುಡಿ, ಮಲ್ಲೇಶ್ವರದ ಮನೆಗಳ ಗೋಡೆಯಲ್ಲಿ ಗೂಡಿಗೆ ಜಾಗವಿತ್ತು. ಮೂವತ್ತು ನಲವತ್ತರ ಸೈಟಿನ ಮನೆಯಲ್ಲಿ ಒಳಗೋಡೆ ನಾಲ್ಕೂವರೆ ಇಂಚು. ಅದರಲ್ಲಿ ಗೂಡು ಕೊರೆದರೆ ಕೈ ಪಕ್ಕದ ಕೋಣೆಗೆ ಹೋಗುತ್ತದೆ! ಮನೆಯಲ್ಲಿ ಸಾಮಾನು ಹೆಚ್ಚಿತು, ಇಡುವ ಜಾಗ ಹೋಯಿತು. ಆ ಜಾಗಕ್ಕೆ ಪ್ಲೈವುಡ್ಡು ಬಂತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಕಾಡಿನ ಮರ ಕಡಿಯುವುದಕ್ಕೆ ಕಡಿವಾಣ ಹಾಕಿತು, ಪರವಾನಗಿ ಇಲ್ಲದ ಗರಗಸದ ಮಿಲ್ಲುಗಳು ಮುಚ್ಚಿದವು. ಅದು ಆಗಲೇಬೇಕಿದ್ದ ಕೆಲಸ. ಅದಾದ ಮೇಲಂತೂ ಹಳೆಯ ತೇಗದ ಬೆಲೆ ನನ್ನ ಕಣ್ಣಲ್ಲಿ ಇನ್ನೂ ಏರಿತು. ಈಗಾಗಲೇ ಕಡಿದ ಮರವೊಂದು ಬಡಗಿಯ ಕೈಗೆ ಮತ್ತೆ ಸಿಕ್ಕರೆ ಕಾಡಿನಲ್ಲಿ ಅಷ್ಟು ಮರ ನಿಲ್ಲುತ್ತದೆ.

ಎಲ್ಲ ಮೇಜಿಗೂ ಗರಗಸ ಹಾಕುವವನಲ್ಲ ನಾನು. ಬೀಟೆಯ ದುಂಡು ಮೇಜು, ಮೂಲೆಗೆ ಹಿತ್ತಾಳೆ ಕಟ್ಟಿದ ದಂಡಿನ ಮಡಚುಮೇಜು ಬಂದರೆ ಬಿಚ್ಚುವುದಿಲ್ಲ. ರಿಪೇರಿ ಮಾಡಿ ಹಿಂದಿರುಗಿಸುತ್ತೇನೆ. ಕಾಲು ಮುರಿದ ಕಚೇರಿ ಮೇಜು, ಒಂದು ಮಗ್ಗುಲು ನೀರು ಕುಡಿದ ಊಟದ ಮೇಜು, ಶಾಲೆಯ ಡೆಸ್ಕು, ಇವು ಶೆಲ್ಫಿಗೆ. ಮೇಲ್ಮೈಯನ್ನು ಉಜ್ಜುಗೊರಡಿನಲ್ಲಿ ತೆಳುವಾಗಿ ತೆಗೆಯುತ್ತೇನೆ, ಅಡಿಯ ನಂಬರನ್ನು ಮುಟ್ಟುವುದಿಲ್ಲ. ಇಂಚು ದಪ್ಪದ ತೇಗವಾದರೂ ಪುಸ್ತಕದ ಭಾರಕ್ಕೆ ಮೂರಡಿಗೊಂದು ಆಸರೆ ಕೊಡಲೇಬೇಕು. ಕೊನೆಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್. ಮುಂದೆ ಯಾರಿಗಾದರೂ ಬೇಡವಾದರೆ ಸ್ಪಿರಿಟ್ಟಿನಲ್ಲೇ ಒರೆಸಿ ತೆಗೆಯಬಹುದು.

ಹಳೆಯ ಕಚೇರಿ, ಶಾಲೆ, ಬ್ಯಾಂಕುಗಳು ಹಳೆಯ ಮರದ ಸಾಮಾನನ್ನು ರದ್ದಿ ಎಂದು ಹೊರಗೆ ಹಾಕುವುದು ಈಗಲೂ ನಡೆದಿದೆ, ಬಹಳಷ್ಟು ಸೌದೆಯ ಲೆಕ್ಕದಲ್ಲಿ ಹೋಗುತ್ತದೆ. ನಿಮ್ಮ ಆಫೀಸಿನಲ್ಲಿ ಅಂಥದೊಂದು ಮೇಜು ಜಗಲಿಯಲ್ಲಿ ಮಳೆಗೆ ನೆನೆಯುತ್ತಿದ್ದರೆ ಗುಜರಿಗೆ ಹಾಕುವ ಮುನ್ನ ಹತ್ತಿರದ ಬಡಗಿಯನ್ನು ಒಮ್ಮೆ ಕರೆದು ತೋರಿಸಿ.