ಗಿಡಕ್ಕೂ ಜೀವ ಇದೆ, ಹೇಳಿದ್ದು ಯಾವ ಭಾಷೆಯಲ್ಲಿ?

ಹೊತ್ತು ಮುಳುಗಿದ ಮೇಲೆ ಎಲೆ ಕೀಳಬೇಡ, ಗಿಡ ಮಲಗಿರುತ್ತದೆ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಹುಣಸೆ ಗಿಡವನ್ನೇ ನೋಡಿ. ಕತ್ತಲಾದಂತೆ ಅದರ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ, ಬೆಳಗಾದರೆ ಬಿಚ್ಚಿಕೊಳ್ಳುತ್ತವೆ. ಹೊಲದಲ್ಲಿ ಬೆಳೆದ ಮಗುವಿಗೆ ಗಿಡ ಜೀವಂತ ಎಂಬುದು ಶಾಲೆಗೆ ಸೇರುವ ಮೊದಲೇ ಗೊತ್ತಿರುತ್ತದೆ. ಆದರೆ ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳು ಇದೇ ಪಾಠವನ್ನು ಬಹಳ ಕಾಲ ಪರರ ಮಾತಿನಲ್ಲಿ ಹೇಳಿದವು.

1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಹೋರಾಡಿ ಸೋತರು. 1860ರಲ್ಲಿ ಸಂಸ್ಥಾನ ಹೈದರಾಬಾದ್ ನಿಜಾಮರ ಪಾಲಾಯಿತು. 1880ರ ದಶಕದಲ್ಲಿ ನಿಜಾಮರ ಆಡಳಿತ ಪಾರ್ಸಿ ಬಿಟ್ಟು ಉರ್ದು ಹಿಡಿಯಿತು. ರಾಜ್ಯದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಆದರೂ ಮೇಲಿನ ಓದಿಗೆ ಹೋಗಬೇಕಾದರೆ ಉರ್ದು ಬರಲೇಬೇಕಿತ್ತು.

1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂಗ್ಲಿಷ್ ಬಿಟ್ಟು ಉರ್ದುವಿನಲ್ಲೇ ವಿಜ್ಞಾನ ಕಲಿಸುವ ದೊಡ್ಡ ಪ್ರಯತ್ನ ಅದು. ಪುಸ್ತಕಗಳನ್ನು ಅನುವಾದಿಸಲು ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಿದರು. ಭಾರತದ ಭಾಷೆಯಲ್ಲೂ ವಿಜ್ಞಾನ ಹೇಳಬಹುದು ಎಂದು ಅವರು ತೋರಿಸಿಕೊಟ್ಟರು. ಆದರೆ ಸುರಪುರದ ಕನ್ನಡ ಮಗುವಿಗೆ ಅದೂ ಎರಡನೇ ಭಾಷೆಯೇ. ಪುಸ್ತಕದ ಉರ್ದುವಿನಲ್ಲಿ ಸಸ್ಯಗಳು ಎಂದರೆ 'ನಬಾತಾತ್'. ನಮ್ಮ ದಖನಿ ಮಾತಾಡುವ ಮನೆಗಳಲ್ಲಿ ಗಿಡಕ್ಕೆ ಅನ್ನುವುದು 'ಝಾಡ್'. ಅಂದರೆ ಆ ಮನೆಯ ಮಕ್ಕಳಿಗೂ ಪುಸ್ತಕದ ಮಾತು ದೂರವೇ ಇತ್ತು.

ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಅದು ಎರಡು ವರ್ಷದಲ್ಲಿ ನಿಂತಿತು. ಹೀಗೆ ಮೈಸೂರಿನಲ್ಲಿ ಕನ್ನಡದ ವಿಜ್ಞಾನಕ್ಕೆ ಅಷ್ಟಿಷ್ಟು ದಾರಿ ತೆರೆಯಿತು. ನಿಜಾಮರ ಆಳ್ವಿಕೆಯ ನಮಗೆ ಆ ದಾರಿಯೂ ಇರಲಿಲ್ಲ.

ಗಿಡಗಳು ಪೆಟ್ಟಿಗೆ, ಬೆಳಕಿಗೆ, ವಿಷಕ್ಕೆ ಹೇಗೆ ಸ್ಪಂದಿಸುತ್ತವೆ ಎಂದು ಯಂತ್ರ ಕಟ್ಟಿ ಜಗತ್ತಿಗೆ ತೋರಿಸಿದವರು ಜಗದೀಶಚಂದ್ರ ಬೋಸರು. ಅವರು ಹುಟ್ಟಿದ್ದೂ 1858ರಲ್ಲಿ. ಅವರ ತಂದೆ ಬ್ರಿಟಿಷ್ ಸರ್ಕಾರದ ಅಧಿಕಾರಿ. ಆದರೂ ಮಗನನ್ನು ಮೊದಲು ಬಂಗಾಳಿ ಶಾಲೆಗೆ ಕಳಿಸಿದರು. ಅಲ್ಲಿ ರೈತರ, ಮೀನುಗಾರರ ಮಕ್ಕಳ ಜೊತೆ ಕೂತು ಕಲಿತದ್ದೇ ತಮಗೆ ಪ್ರಕೃತಿಯ ಮೇಲೆ ಕುತೂಹಲ ಹುಟ್ಟಿಸಿತು ಎಂದು ಬೋಸರು ಮುಂದೆ ನೆನೆದರು. ಇಂಗ್ಲಿಷ್ ಆಮೇಲೆ ಬಂತು, ಚೆನ್ನಾಗಿಯೇ ಬಂತು.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ಉಸ್ಮಾನಿಯಾ ಇಂಗ್ಲಿಷಿಗೆ ಹೊರಳಿತು. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯ ಸೇರಿದೆವು. ಕನ್ನಡದ ಪಠ್ಯ ನಮ್ಮೂರಿಗೂ ಬಂತು. ಅದರಲ್ಲೂ ಒಂದು ತೊಡಕು. ಪುಸ್ತಕದಲ್ಲಿ ಚಿಕ್ಕದು ಗಿಡ, ದೊಡ್ಡದು ಮರ. ನಮ್ಮಲ್ಲಿ ಬೇವಿನದೂ ಗಿಡ, ಆಲದ್ದೂ ಗಿಡ. 'ಬೇವಿನ ಗಿಡ' ಎಂದು ಬರೆದ ಮಗುವಿಗೆ ತಪ್ಪು ಹಾಕಿದರೆ, ತಪ್ಪಾಗಿದ್ದು ವಿಜ್ಞಾನವೋ ಭಾಷೆಯೋ? 'ದ್ಯುತಿಸಂಶ್ಲೇಷಣೆ' ಎಂಬ ಪದವಂತೂ ಕನ್ನಡ ಮನೆಯ ಮಗುವಿಗೂ ಹೊಸದೇ.

2019–20ರಲ್ಲಿ ರಾಜ್ಯ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ತೆರೆಯಿತು. ತಂದೆತಾಯಿಗಳ ಆಸೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇಂಗ್ಲಿಷ್ ಬಾರದೆ ಹಿಂದೆ ಬಿದ್ದವರ ನೋವು ನಮಗೂ ಗೊತ್ತು. ನಾವು ಕೇಳುವುದು ಕ್ರಮವನ್ನು ಮಾತ್ರ. ಮೊದಲು ಮಗು ತೊಗರಿ ಬೀಜ ಮೊಳೆಯುವುದನ್ನು ನೋಡಲಿ, ಕಂಡದ್ದನ್ನು ತನ್ನ ಮಾತಿನಲ್ಲೇ ಹೇಳಲಿ. ಪುಸ್ತಕದ ಪದ ಆಮೇಲೆ ಬರಲಿ. ಪದ ಮೊದಲು ಬಂದರೆ ಮಗು 'ಸಸ್ಯಗಳು ಸಜೀವಿಗಳು' ಎಂದು ಬಾಯಿಪಾಠ ಮಾಡುತ್ತದೆ, ತಾನು ಕಂಡ ಹೊಲಕ್ಕೂ ಆ ಸಾಲಿಗೂ ನಂಟಿದೆ ಎಂದು ಅದಕ್ಕೆ ಹೊಳೆಯುವುದೇ ಇಲ್ಲ.

ಈ ಮಾತು ಕನ್ನಡದವರಾದ ನಮಗೂ ಸಲ್ಲುತ್ತದೆ. ನಮ್ಮ ಮೂರೂ ತಾಲೂಕುಗಳಲ್ಲಿ ತಾಂಡಾಗಳಿವೆ. ಅಲ್ಲಿನ ಮನೆಮಾತು ಗೋರಬೋಲಿ, ಕನ್ನಡ ಎರಡನೆಯದು. ಅಂದು ಉರ್ದು ಪಾಠದ ಮುಂದೆ ಸುಮ್ಮನೆ ಕೂತ ನಮ್ಮ ಅಜ್ಜಂದಿರ ಹಾಗೆ ಇಂದು ಕನ್ನಡ ಪಾಠದ ಮುಂದೆ ಸುಮ್ಮನೆ ಕೂತ ಮಗುವೊಂದು ನಮ್ಮೂರ ಶಾಲೆಯಲ್ಲೇ ಇರಬಹುದು. ಈ ಗಿಡಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ ಎಂದು ಅದನ್ನು ಕೇಳಲು ಸರ್ಕಾರದ ಆದೇಶ ಬೇಕಿಲ್ಲ.