ಗಣಿತಸಾರಸಂಗ್ರಹದ ಒಂದು ಮಹಾಸಂಖ್ಯೆ

ರಾಯಚೂರು ಜಿಲ್ಲೆಯ ಸಂತೆಕಲ್ಲೂರಿಗೆ ಸಮೀಪವಾದ ಮಸ್ಕಿಯು 1915ರಲ್ಲಿ ದೊರೆತ ಅಶೋಕನ ಲಘುಶಿಲಾಶಾಸನದಿಂದ ಇತಿಹಾಸಪ್ರಸಿದ್ಧವಾಯಿತು. ಇದೇ ಶಾಸನವರ್ಗಕ್ಕೆ ಸೇರಿದ ಬ್ರಹ್ಮಗಿರಿಯ ಪಾಠದಲ್ಲಿ 256 ಎಂಬ ಸಂಖ್ಯೆಯು ಅಂಕಗಳಲ್ಲಿಯೇ ಕಂಡುಬರುತ್ತದೆ. ಅದರಲ್ಲಿ ಇನ್ನೂರಕ್ಕೊಂದು, ಐವತ್ತಕ್ಕೊಂದು, ಆರಕ್ಕೊಂದು, ಹೀಗೆ ಮೂರು ಪ್ರತ್ಯೇಕ ಚಿಹ್ನೆಗಳಿವೆ. ಚಿಹ್ನೆಯ ಬೆಲೆಯನ್ನು ಅದರ ಸ್ಥಾನವು ನಿರ್ಣಯಿಸುತ್ತಿರಲಿಲ್ಲ. ಅಲ್ಲಿಂದ ಸುಮಾರು ಸಾವಿರದ ನೂರು ವರ್ಷಗಳ ಅನಂತರ ಕನ್ನಡ ನಾಡಿನಲ್ಲಿ ಸಂಖ್ಯೆಯ ಕಲ್ಪನೆಯು ಎಷ್ಟು ಬೆಳೆದಿತ್ತೆಂಬುದನ್ನು ಒಂದೇ ನಿದರ್ಶನದಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಗ್ರಂಥಕಾರನು ಹೆಸರುಗಳನ್ನು ಕೊಟ್ಟಿದ್ದಾನೆ. ಗುಣಾಕಾರದ ಉದಾಹರಣೆಗಳಲ್ಲಿ ಕಂಠಾಭರಣದಂತೆ ಎರಡು ತುದಿಗಳಿಂದಲೂ ಒಂದೇ ರೀತಿಯಾಗಿ ತೋರುವ ಗುಣಲಬ್ಧಗಳಿವೆ. 12345679ನ್ನು 9ರಿಂದ ಗುಣಿಸಿದರೆ 111111111. 142857143ನ್ನು 7ರಿಂದ ಗುಣಿಸಿದರೆ 1000000001. ಇವುಗಳಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವುದು 27994681 ಮತ್ತು 441ರ ಗುಣಲಬ್ಧವಾದ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವ ಈ ಸಂಖ್ಯೆಯಲ್ಲಿ 11 ಅಂಕಗಳಿದ್ದು, ಮೊದಲನೆಯ ಅಂಕವು ಆತನ ಪಟ್ಟಿಯ ಅರ್ಬುದಸ್ಥಾನದಲ್ಲಿ ನಿಲ್ಲುತ್ತದೆ.

ಇದು ಬರಿಯ ವಿನೋದವೆಂದು ತಳ್ಳಿಹಾಕುವುದು ಸುಲಭ. ಆದರೆ ಸಂಖ್ಯೆಯನ್ನು ಬಿಡಿಸಿ ನೋಡಿದಾಗ ಬೇರೊಂದು ಸಂಗತಿ ಹೊರಬೀಳುತ್ತದೆ. 12345654321 ಎಂಬುದು 111111ರ ವರ್ಗ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಆದುದರಿಂದ ವರ್ಗಸಂಖ್ಯೆಗೆ ಒಟ್ಟು 243 ಭಾಜಕಗಳಿವೆ. ಈಗ ಆಚಾರ್ಯನ ಗುಣ್ಯ-ಗುಣಕಗಳನ್ನು ನೋಡೋಣ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ; 21 ಮತ್ತು 5291ರ ಗುಣಲಬ್ಧವೇ 111111. ಇದು ಆಕಸ್ಮಿಕವಾಗಿರಲಾರದು. ಬೇಕಾದ ಫಲವನ್ನು ಮೊದಲು ನಿಶ್ಚಯಿಸಿಕೊಂಡು, ಅದರ ಭಾಜಕಗಳನ್ನು ಅರಸಿ ಉದಾಹರಣೆಯನ್ನು ರಚಿಸಲಾಗಿದೆಯೆಂದು ನಾವು ಊಹಿಸಬಹುದು.

ಆದರೂ ಇಲ್ಲಿ ಎಚ್ಚರಿಕೆ ಅವಶ್ಯಕ. ವರ್ಗತ್ವ ಮತ್ತು ಭಾಜ್ಯತೆಗಳು ಸಂಖ್ಯೆಯ ಸ್ವಂತ ಗುಣಗಳು. ಯಾವ ಲಿಪಿಯಲ್ಲಿ ಬರೆದರೂ ಅವು ಬದಲಾಗವು. ಹಾರದ ರೂಪವಾದರೋ ದಶಮಾನ ಬರವಣಿಗೆಯ ಗುಣ. ಇವೆರಡನ್ನೂ ಬೆರೆಸಿ, ಆಧುನಿಕ ಸಂಖ್ಯಾಶಾಸ್ತ್ರವೆಲ್ಲ ಒಂಬತ್ತನೆಯ ಶತಮಾನದಲ್ಲಿಯೇ ಇತ್ತೆಂದು ಸಾರುವುದು ಇತಿಹಾಸವಾಗದು. ಕೆಲವು ಸುಂದರ ಉದಾಹರಣೆಗಳು ಸಿದ್ಧಾಂತಕ್ಕೆ ಸಮನಲ್ಲ.

ಹಾಗೆಂದು ಮಹಾವೀರಾಚಾರ್ಯನ ಸಾಧನೆ ಕಿರಿದಾಗುವುದಿಲ್ಲ. ಬ್ರಹ್ಮಗಿರಿಯ ಮೂರು ಚಿಹ್ನೆಗಳನ್ನು ಹಿಂದುಮುಂದಾಗಿಸಿದರೆ ಹೊಸ ಸಂಖ್ಯೆ ಹುಟ್ಟುತ್ತಿರಲಿಲ್ಲ. ಸಂಖ್ಯೆಯೊಂದು ಹಾರವಾಗಿ ತೋರಬೇಕಾದರೆ ಸ್ಥಾನಮೌಲ್ಯವು ಓದುಗನಿಗೆ ಕರಗತವಾಗಿರಬೇಕು. ಗುಣಾಕಾರವನ್ನು ಕಲಿಯುವವನಿಗಾಗಿಯೇ ಇಂತಹ ಲೆಕ್ಕಗಳನ್ನು ಹೆಣೆದಿರುವುದರಿಂದ, ಆ ಪದ್ಧತಿಯು ರಾಷ್ಟ್ರಕೂಟರ ನಾಡಿನಲ್ಲಿ ಪಾಠದ ವಸ್ತುವಾಗಿತ್ತೆಂದು ತಿಳಿಯುತ್ತದೆ. ಶಾಸನಗಳ ಕಾಲನಿರ್ಣಯಕ್ಕಾಗಿ ಮಾತ್ರ ಅಂಕಗಳನ್ನು ನೋಡುವ ನಾವು, ಅವು ಬೌದ್ಧಿಕ ಚರಿತ್ರೆಗೂ ಆಧಾರಗಳೆಂಬುದನ್ನು ಮರೆಯಬಾರದು.